‘ಪಥೇರ್ ಪಾಂಚಾಲಿ’ಯ ಪುನರ್ಜನ್ಮ

ಪಾಂಚಾಲಿ ಎಂದೊಡನೆ ದ್ರುಪದನ ಮಗಳನ್ನು ನೆನೆಯುವುದು ತಾಳಮದ್ದಲೆ ಕೇಳಿ ಬೆಳೆದ ನಮ್ಮವರಿಗೆ ಸಹಜವೇ. ವಂಗ ಭಾಷೆಯಲ್ಲಾದರೋ ಆ ಶಬ್ದಕ್ಕೆ ಜನಪದರ ಕಥನಗೀತವೆಂಬ ಅರ್ಥವುಂಟು. ‘ಪಥೇರ್ ಪಾಂಚಾಲಿ’ ಎಂದರೆ ಹಾದಿಯ ಹಾಡು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಈ ಕಾದಂಬರಿ 1929ರಲ್ಲಿ ಪುಸ್ತಕರೂಪವನ್ನು ತಾಳಿತು. ಸತ್ಯಜಿತ್ ರಾಯ್ ಅವರು ತಮ್ಮ ಮೊದಲನೆಯ ಚಲಚ್ಚಿತ್ರಕ್ಕೆ ಇದನ್ನೇ ವಸ್ತುವಾಗಿ ಆರಿಸಿಕೊಂಡರು. ಆ ಚಿತ್ರ ಹುಟ್ಟಿದ ಬಗೆಯನ್ನು ಬಲ್ಲವರು ಹಲವರು. ಅದು ಬೆಂಕಿಗೆ ಸಿಕ್ಕು, ಮರಳಿ ಬದುಕಿ, ಮನೆಮನೆಯ ತೆರೆಯನ್ನು ಸೇರಿದ ಬಗೆಯನ್ನು ಬಲ್ಲವರು ವಿರಳ.

ರಾಯ್ ಅವರು ಆಗ ಕಲಕತ್ತೆಯ ಒಂದು ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರು. ಈ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಕಥೆ ಅವರ ಮನಸ್ಸನ್ನು ಹಿಡಿದಿತ್ತು. 1950ರಲ್ಲಿ ಲಂಡನ್ನಿಗೆ ಹೋದಾಗ ಇಟಲಿಯ ‘ಬೈಸಿಕಲ್ ಥೀವ್ಸ್’ ಎಂಬ ಚಿತ್ರವನ್ನು ಕಂಡು, ಹೆಸರಾಂತ ನಟರಿಲ್ಲದೆ, ಸ್ಟುಡಿಯೋದ ಆಡಂಬರವಿಲ್ಲದೆ ಚಿತ್ರ ತೆಗೆಯಬಹುದೆಂಬ ಧೈರ್ಯ ತಾಳಿದರು. ಬಂಡವಾಳ ಹೂಡುವವರು ಯಾರೂ ದೊರೆಯಲಿಲ್ಲ. ವಿಮೆಯ ಪಾಲಿಸಿಯ ಮೇಲೆ ಸಾಲ ತಂದರು, ತಮ್ಮ ಸಂಗೀತದ ತಟ್ಟೆಗಳನ್ನು ಮಾರಿದರು. ಪತ್ನಿ ವಿಜಯಾ ಅವರ ಒಡವೆಗಳೂ ಅಡವಿಗೆ ಹೋದವು. ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಇಪ್ಪತ್ತೊಂದರ ಹರೆಯ. ಚಲಚ್ಚಿತ್ರದ ಕ್ಯಾಮೆರಾವನ್ನು ಅವರು ಅದುವರೆಗೆ ನಡೆಸಿದವರೇ ಅಲ್ಲ.

1952ರ ಅಕ್ಟೋಬರ್ 27ರಂದು ಕೆಲಸ ಆರಂಭವಾಯಿತು. ಅಕ್ಕ ತಮ್ಮಂದಿರು ರೈಲನ್ನು ಕಾಣಲೆಂದು ಬೆಳ್ಳನೆಯ ಕಾಶದ ಹೂವಿನ ನಡುವೆ ಓಡುವ ದೃಶ್ಯವೇ ಮೊದಲನೆಯದು. ಉಳಿದ ಭಾಗವನ್ನು ತೆಗೆಯಲು ಮುಂದಿನ ಭಾನುವಾರ ಹೋದಾಗ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು! ಮತ್ತೆ ಹೂವು ಅರಳುವ ಕಾಲದವರೆಗೆ, ಎಂದರೆ ಒಂದು ವರುಷ, ಆ ದೃಶ್ಯ ಕಾಯಬೇಕಾಯಿತು. ಹಣವಿದ್ದಾಗ ಕೆಲಸ, ಇಲ್ಲದಾಗ ವಿರಾಮ. ಈ ಅವಧಿಯಲ್ಲಿ ಬಾಲಕ ಅಪುವಿನ ಕಂಠ ಒಡೆಯಲಿಲ್ಲ, ದುರ್ಗೆ ಬೆಳೆದು ದೊಡ್ಡವಳಾಗಲಿಲ್ಲ, ಎಂಬತ್ತರ ಮುದುಕಿ ಚುನೀಬಾಲಾ ದೇವಿ ಕಣ್ಣು ಮುಚ್ಚಲಿಲ್ಲ. ಇದನ್ನು ರಾಯ್ ಅವರೇ ಪವಾಡವೆಂದು ಎಣಿಸಿದ್ದುಂಟು. ಕಡೆಗೆ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಅವರ ಸರ್ಕಾರ ನೆರವಾಯಿತು. ಹೆಸರಿನಲ್ಲಿ ಹಾದಿ ಇದ್ದುದರಿಂದ ಆ ಹಣ ಲೆಕ್ಕದಲ್ಲಿ ರಸ್ತೆ ಸುಧಾರಣೆಯ ಬಾಬಿನಡಿ ಸೇರಿತೆಂಬುದು ಪ್ರಸಿದ್ಧ ಸಂಗತಿ. ಒಟ್ಟು ವೆಚ್ಚ ಸುಮಾರು ಒಂದೂವರೆ ಲಕ್ಷ ರೂಪಾಯಿ. 1955ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೊದಲ ಪ್ರದರ್ಶನ. ಆಗಸ್ಟ್ 26ರಂದು ಕಲಕತ್ತೆಯಲ್ಲಿ ಬಿಡುಗಡೆ. ಅದನ್ನು ಕಾಣಲು ಚುನೀಬಾಲಾ ಉಳಿದಿರಲಿಲ್ಲ.

ಇನ್ನು ಎರಡನೆಯ ಕಥೆ. 1992ರಲ್ಲಿ ಅಮೆರಿಕದ ಆಸ್ಕರ್ ಅಕಾಡೆಮಿ ರಾಯ್ ಅವರಿಗೆ ಗೌರವ ಪ್ರಶಸ್ತಿಯನ್ನಿತ್ತಿತು. ಆ ಏಪ್ರಿಲ್‌ನಲ್ಲಿಯೇ ಅವರು ತೀರಿಕೊಂಡರು. ಸಮಾರಂಭಕ್ಕಾಗಿ ಅವರ ಚಿತ್ರಗಳ ಒಳ್ಳೆಯ ಪ್ರತಿ ದೊರೆಯುವುದೇ ದುಸ್ತರವಾಗಿತ್ತು. ಮುಂದಿನ ವರುಷ, ಜೀರ್ಣೋದ್ಧಾರಕ್ಕೆಂದು ಮೂಲ ನೆಗೆಟಿವ್‌ಗಳನ್ನು ಲಂಡನ್ನಿನ ಒಂದು ಪ್ರಯೋಗಾಲಯಕ್ಕೆ ಕಳುಹಿಸಲಾಗಿ, 1993ರ ಜುಲೈಯಲ್ಲಿ ಅಲ್ಲಿ ಬೆಂಕಿ ಬಿದ್ದಿತು. ಕಾಪಾಡಲೆಂದು ಒಯ್ದಲ್ಲಿಯೇ ಬೆಂದ ದುರ್ದೈವ! ಸುಟ್ಟುಳಿದ ಸುರುಳಿಗಳನ್ನು ಯಾರೂ ಎಸೆಯಲಿಲ್ಲ. ಅಕಾಡೆಮಿಯ ಭಂಡಾರದಲ್ಲಿ ಅವು ಡಬ್ಬಿಗಳೊಳಗೆ ಸುಮಾರು ಇಪ್ಪತ್ತು ವರುಷ ಉಳಿದುವು. (ನಮ್ಮ ಕಾಸರಗೋಡಿನ ಸೀಮೆಯಲ್ಲಿ ಅಟ್ಟದ ಮೇಲಿದ್ದ ಪ್ರಸಂಗದ ಕಟ್ಟುಗಳನ್ನು ಗೆದ್ದಲು ಹಿಡಿದುವೆಂದು ಹೊಳೆಗೆ ಬಿಟ್ಟವರು ನಾವೇ ಅಲ್ಲವೆ?)

ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಈ ಅವಶೇಷಗಳನ್ನು ಇಟಲಿಯ ಬೊಲೋನ್ಯಾ ನಗರದ ಕುಶಲಿಗಳಿಗೆ ಒಪ್ಪಿಸಿತು. ಬಿರುಸಾಗಿ ಮುರುಟಿದ ಸುರುಳಿಗೆ ಮತ್ತೆ ತೇವ ಹಿಡಿಸುವುದು, ಕರಗಿದ ಅಂಟನ್ನು ತೆಗೆಯುವುದು, ಅಂಚಿನ ರಂಧ್ರಗಳು ಹರಿದಲ್ಲಿ ಕೈಯಿಂದಲೇ ಹೊಸದನ್ನು ಜೋಡಿಸುವುದು. ಹೀಗೆ ಸುಮಾರು ಸಾವಿರ ಗಂಟೆಗಳ ಕೈಗೆಲಸ. ‘ಪಥೇರ್ ಪಾಂಚಾಲಿ’ಯಲ್ಲಿ ಉಳಿದುದು ನೂರಕ್ಕೆ ನಲವತ್ತು ಭಾಗ; ಮುಂದಿನ ಕಥೆಯಾದ ‘ಅಪರಾಜಿತೋ’ದಲ್ಲಿ ಅರುವತ್ತಕ್ಕೂ ಹೆಚ್ಚು. ‘ಅಪುರ್ ಸಂಸಾರ್’ ಚಿತ್ರದ ನೆಗೆಟಿವ್‌ನಲ್ಲಿ ಉಪಯೋಗಕ್ಕೆ ಒದಗಿದುದು ಏನೂ ಇಲ್ಲ. ಲೋಪವಾದುದನ್ನು ಹಾರ್ವರ್ಡ್, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೊದಲಾದ ಭಂಡಾರಗಳ ಪ್ರತಿಗಳಿಂದ ತುಂಬಿದರು. ಪಾಠಾಂತರಗಳನ್ನು ಹೋಲಿಸಿ ಕಾವ್ಯವನ್ನು ಸಂಪಾದಿಸುವ ಪಂಡಿತರ ಕೆಲಸವೂ ಇದೇ ಜಾತಿಯದು. 2015ರ ಮೇ ತಿಂಗಳಲ್ಲಿ, ಸರಿಯಾಗಿ ಅರುವತ್ತು ವರುಷಗಳ ತರುವಾಯ, ಅದೇ ನ್ಯೂಯಾರ್ಕಿನ ಸಂಗ್ರಹಾಲಯದಲ್ಲಿ ಅದು ಪುನಃ ಬೆಳಗಿತು. ನವೆಂಬರಿನಲ್ಲಿ ಮೂರು ಚಿತ್ರಗಳೂ ಕೂಡಿದ ತಟ್ಟೆಗಳ ಪೆಟ್ಟಿಗೆ ಮಾರಾಟಕ್ಕೆ ಬಂದಿತು.

ಅಮೆರಿಕಕ್ಕೆಂದು ಮಾಡಿದ ತಟ್ಟೆ ನಮ್ಮ ವಲಯದ ಯಂತ್ರದಲ್ಲಿ ಓಡುವುದಿಲ್ಲವೆಂಬುದು ವರ್ತಕರ ಒಂದು ಕಟ್ಟುಪಾಡು. ಒಡವೆ ಅಡವಿಟ್ಟು ತೆಗೆದ ಬಡ ಹಳ್ಳಿಯ ಕಥೆಗೆ ಈ ಬೇಲಿ ಶೋಭಿಸದು. ರಜೆಗೆ ಬಂದ ಬಂಧುಗಳೊಬ್ಬರು ತಮ್ಮ ಯಂತ್ರವನ್ನೂ ಜೊತೆಗೆ ತಂದಿದ್ದುದರಿಂದ ನಮಗೂ ನಮ್ಮ ಕೆಲವು ವಿದ್ಯಾರ್ಥಿಗಳಿಗೂ ಆ ಯೋಗ ಒದಗಿತು.

ಬಾಲ್ಯದಲ್ಲಿ ದೂರದರ್ಶನದಲ್ಲಿ ನಾವು ಕಂಡಿದ್ದ ಪ್ರತಿ ಮಳೆ ಸುರಿದಂತೆ ಗೀರುಮಯವಾಗಿತ್ತು. ದುರ್ಗೆ ಸತ್ತ ಬಳಿಕ ಅವಳು ಕದ್ದಿದ್ದ ಮಣಿಸರವನ್ನು ಅಪು ಕಂಡು, ಯಾರಿಗೂ ಹೇಳದೆ ಕೊಳಕ್ಕೆ ಎಸೆಯುತ್ತಾನಷ್ಟೆ. ಅಂದು ನಮಗೆ ಕಂಡುದು ಕಪ್ಪು ನೀರು ಮಾತ್ರ. ಈಗ, ಸರ ಬಿದ್ದಲ್ಲಿ ಪಾಚಿ ವೃತ್ತಾಕಾರವಾಗಿ ಸರಿದು, ತಿಳಿನೀರು ಕ್ಷಣಕಾಲ ತೋರಿ, ಮತ್ತೆ ಎಲೆ ಎಲೆಯೂ ಕೂಡಿಕೊಂಡು ಮುಚ್ಚುವುದು ಸ್ಪಷ್ಟವಾಗಿ ಕಾಣಿಸಿತು. ವಂಗ ಭಾಷೆಯನ್ನರಿಯದ ಮಕ್ಕಳಿಗೆ ಅರ್ಥ ಹೇಳಬೇಕೆಂದು ನಾವು ಬಾಯಿ ತೆರೆದೆವು. ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ತಿರುಗದೆಯೇ ಕೈಯೆತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದಳು.