ಪರದೇಶದ ಗುರುಗಳು, ಪರದೇಶಿ ಮಕ್ಕಳು

ನಮ್ಮ ಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹೊರನಾಡಿನಿಂದ ಬಂದವನು ಪರದೇಶಿ. ತಾಯಿತಂದೆಗಳಿಲ್ಲದೆ, ಹೇಳುವವರು ಕೇಳುವವರಿಲ್ಲದೆ ಬೀದಿಗೆ ಬಿದ್ದ ಮಗುವೂ ಪರದೇಶಿಯೇ. ಈ ಎರಡು ಬಗೆಯ ಪರದೇಶಿಗಳೂ ಒಂದೇ ಸೂರಿನ ಕೆಳಗೆ ಸೇರಿದ ಕಾಲವೊಂದು ನಮ್ಮ ಮೈಸೂರು ಸೀಮೆಯಲ್ಲಿತ್ತು. ಅದನ್ನು ನೆನೆಯುವುದಕ್ಕೆ ಈಚೆಗೆ ಒಂದು ನೆಪ ಒದಗಿತು.

ಗವಿಪುರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿರುವ ಹುಡುಗಿ, ಹಿಂದೆ ನನ್ನ ತರಗತಿಯಲ್ಲಿ ಕನ್ನಡ ಓದಿದವಳು, ಒಂದು ಸಂಜೆ ತಾಯಿಯೊಡನೆ ಬಂದು ನಮಸ್ಕಾರ ಮಾಡಿದಳು. ಎರಡು ತಿಂಗಳ ಮಟ್ಟಿಗೆ ಕೀನ್ಯಾ ದೇಶಕ್ಕೆ ಹೊರಟಿದ್ದಾಳಂತೆ. ಅಲ್ಲಿನ ಅನಾಥಾಲಯವೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸೇವೆ. ಸಂಬಳವಿಲ್ಲ, ಹೋಗಿಬರುವ ಖರ್ಚು, ಊಟ ವಸತಿಯ ಖರ್ಚು ಎಲ್ಲವೂ ಇವಳದೇ. “ಸಾರ್, ನಮ್ಮ ಕಡೆಗೂ ಹೀಗೆ ಯಾರಾದರೂ ಬಂದಿದ್ದರೇ?” ಎಂದು ಕೇಳಿದಳು. “ಬಂದಿದ್ದರಮ್ಮ, ಆದರೆ ಎರಡು ತಿಂಗಳಿಗಲ್ಲ” ಎಂದೆ. ಕಾಫಿ ಆರುವುದರೊಳಗೆ ಹೇಳಿ ಮುಗಿಸುವ ಕಥೆಯಲ್ಲ ಅದು. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಂಡನ್ ಮಿಷನ್ನಿನ ಪಾದ್ರಿಗಳು ಬೆಂಗಳೂರಿಗೆ ಬಂದದ್ದು 1820ರಲ್ಲಿ. ಅವರ ಹಿಂದೆಯೇ ವೆಸ್ಲಿಯನ್ ಮಿಷನ್ನಿನವರೂ ಬಂದರು. 1837ರ ಆರಂಭದಲ್ಲಿ ಬೆಂಜಮಿನ್ ರೈಸ್ ಎಂಬ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ತರುಣನು ಪತ್ನಿಸಮೇತನಾಗಿ ಇಲ್ಲಿಗೆ ಬಂದಿಳಿದನು. ಬಂದವನು ಹಿಂದಿರುಗಿ ನೆಲೆಸಲು ಸ್ವದೇಶಕ್ಕೆ ಹೋಗಲಿಲ್ಲ. ಐವತ್ತು ವರ್ಷ ಇದ್ದು, 1887ರಲ್ಲಿ ಇಲ್ಲಿಯೇ ತೀರಿಕೊಂಡನು. ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ನಿಂತಿರುವ ರೈಸ್ ಮೆಮೋರಿಯಲ್ ಚರ್ಚಿನ ಮುಂದೆ ಪುಸ್ತಕ ಕೊಳ್ಳಲು ನಾವು ಎಷ್ಟು ಸಲ ಹಾದು ಹೋಗಿಲ್ಲ! ಆ ಹೆಸರು ಈತನದು. ಅವನು ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಲೂಯಿಸ್ ರೈಸನನ್ನು ಕನ್ನಡ ಓದಿದ ಯಾರೂ ಮರೆಯಲಾರರು. ನಮ್ಮ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಹೊರತಂದವನು ಅವನೇ.

ಹೀಗೆ ಬಂದವರೆಲ್ಲ ಇಂಗ್ಲಿಷ್ ಶಾಲೆಗಳನ್ನು ತೆರೆದರು. ಆದರೆ ಕಲಿಸುವುದಕ್ಕೆ ಮೊದಲು ಅವರೇ ಮಣೆ ಹಾಕಿಕೊಂಡು ಕುಳಿತು ಕನ್ನಡ ಕಲಿಯಬೇಕಾಯಿತು. ವೆಸ್ಲಿಯನ್ ಪಾದ್ರಿ ಹಾಡ್ಸನ್ ಕನ್ನಡಕ್ಕೊಂದು ವ್ಯಾಕರಣವನ್ನೇ ಬರೆದನು. 1864ರ ವೇಳೆಗೆ ಅದು ಎರಡನೆಯ ಮುದ್ರಣ ಕಂಡಿತ್ತು. ಅದೇ ಮಿಷನ್ನಿನ ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿದನು. 1858ರಲ್ಲಿ ಸರ್ಕಾರವು ಬೆಂಗಳೂರಿನಲ್ಲಿ ಹೈಸ್ಕೂಲು ತೆರೆದಾಗ ಅದರ ಮೇಲ್ವಿಚಾರಣೆ ಬಂದದ್ದು ಇವನಿಗೆ. ಆ ಹೈಸ್ಕೂಲೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ರೈಸನ ಪತ್ನಿಯೂ ಸೆವೆಲ್ ಪಾದ್ರಿಯ ಪತ್ನಿಯೂ ಸೇರಿ 1840ರ ದಶಕದ ಮೊದಲಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಪ್ರಾರಂಭಿಸಿದರು. ಹುಡುಗಿಯರು ಓದಿದರೆ ಮನೆ ಕೆಡುತ್ತದೆ ಎಂದು ನಂಬಿದ್ದ ಕಾಲ ಅದು.

ಇಂಗ್ಲಿಷ್ ಶಾಲೆಗೆ ಬಂದವರಾದರೂ ಯಾರು? 1831ರಲ್ಲಿ ರಾಜ್ಯದ ಆಡಳಿತ ಕಂಪನಿಯ ಕಮಿಷನರುಗಳ ಕೈಗೆ ಹೋದ ಮೇಲೆ ಕಚೇರಿಯ ಬಾಗಿಲಿಗೆ ಇಂಗ್ಲಿಷೇ ಬೀಗದಕೈಯಾಯಿತು. ಮಡಿವಂತರ ಮನೆಯ ಹುಡುಗರೇ ಪಾದ್ರಿಗಳ ಶಾಲೆಗೆ ಸಾಲುಗಟ್ಟಿದರು. ನಮ್ಮ ಮನೆತನದ ಹಿರಿಯರೊಬ್ಬರು ಹಾಗೆ ಓದಿದವರು. ಬೆಳಗ್ಗೆ ಬೈಬಲಿನ ಪಾಠಕ್ಕೆ ತಪ್ಪದೆ ಹಾಜರು. ಸಂಜೆ ಮನೆಗೆ ಬಂದೊಡನೆ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಹೊಯ್ದುಕೊಂಡು ಒಳಗೆ ಪ್ರವೇಶ. ಹೀಗೆ ವರ್ಷಗಟ್ಟಳೆ ಓದಿ, ಸರ್ಕಾರದ ಗುಮಾಸ್ತೆಯಾಗಿ, ಕೊನೆಯವರೆಗೂ ಸಂಧ್ಯಾವಂದನೆ ತಪ್ಪಿಸದೆ ಬಾಳಿದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಪಾದ್ರಿಗಳು ಇಂಗ್ಲಿಷನ್ನು ಕೊಟ್ಟು ಧರ್ಮವನ್ನು ಜೊತೆಗೆ ಸೇರಿಸಿಕೊಟ್ಟರು. ನಮ್ಮವರು ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಎರಡನೆಯದನ್ನು ಬಾವಿಕಟ್ಟೆಯಲ್ಲಿ ತೊಳೆದರು. ಹಾಗೆ ತೊಳೆದುಕೊಳ್ಳಲು ಆ ಹುಡುಗರಿಗೆ ಒಂದು ಬಾವಿಕಟ್ಟೆಯಿತ್ತು, ಅದರ ಹಿಂದೆ ಒಂದು ಮನೆಯಿತ್ತು ಎಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು.

ಇನ್ನು ಧಾತು ಸಂವತ್ಸರಕ್ಕೆ ಬರೋಣ.

1875ರಲ್ಲಿಯೇ ಮಳೆ ಕೈಕೊಟ್ಟಿತ್ತು. 1876ರಲ್ಲಿ, ಅಂದರೆ ಧಾತು ಸಂವತ್ಸರದಲ್ಲಿ, ಮುಂಗಾರೂ ಹಿಂಗಾರೂ ಎರಡೂ ಹೋದವು. ಹಗೇವುಗಳಲ್ಲಿದ್ದ ರಾಗಿ ಬರಿದಾಯಿತು. ಆಗ ಹೊರಗಿನಿಂದ ಧಾನ್ಯ ಬರಲು ಈ ರಾಜ್ಯಕ್ಕಿದ್ದುದು ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ 1864ರಲ್ಲಿ ಹಾಕಿದ ಒಂದೇ ಒಂದು ರೈಲುದಾರಿ. ಅಕ್ಕಿಮೂಟೆ ಬೆಂಗಳೂರಿಗೆ ಬಂದಿಳಿಯುತ್ತಿತ್ತು. ಅಲ್ಲಿಂದಾಚೆಗೆ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಆದುದರಿಂದ ಅಕ್ಕಿ ಹಳ್ಳಿಗೆ ಹೋಗುವುದಕ್ಕೆ ಬದಲಾಗಿ ಹಳ್ಳಿಯೇ ಅಕ್ಕಿಯನ್ನು ಹುಡುಕಿಕೊಂಡು ಬೆಂಗಳೂರಿನ ಕಡೆಗೆ ನಡೆಯಿತು. ಆಗ ಚಾಮರಾಜಪೇಟೆಯಿಲ್ಲ, ಬಸವನಗುಡಿಯ ಬಡಾವಣೆಯಿಲ್ಲ. ನಮ್ಮ ಗವಿಪುರವು ಪೇಟೆಯ ಹೊರಗೆ, ಬಂಡೆಗಳ ನಡುವೆ, ಕೆಂಪಾಂಬುಧಿ ಕೆರೆಯ ಮಗ್ಗುಲಲ್ಲಿದ್ದ ಒಂದು ಮೂಲೆ.

1871ರ ಖಾನೆಷುಮಾರಿಯಲ್ಲಿ ಮೈಸೂರು ರಾಜ್ಯದ ಜನ 50,55,412. ಹತ್ತು ವರ್ಷದ ಮೇಲೆ 1881ರಲ್ಲಿ ಎಣಿಸಿದಾಗ ಉಳಿದವರು 41,86,188. ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಹೋದವರು ಸುಮಾರು ಹತ್ತು ಲಕ್ಷ. ಐದು ಜನರಲ್ಲಿ ಒಬ್ಬರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಕ್ಕೆ ಕೊಡುವಾಗ ಬರದ ಬಾಬಿನ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೆ ಹೊರಿಸಿ ಕೊಟ್ಟರು. ಸಾಲಕ್ಕೆ ಲೆಕ್ಕವಿತ್ತು. ಗಂಜಿಕೇಂದ್ರಗಳ ಬಾಗಿಲಲ್ಲಿ ಉಳಿದ ಮಕ್ಕಳಿಗೆ ವಾರಸುದಾರರಿರಲಿಲ್ಲ.

ಆ ಮಕ್ಕಳನ್ನು ಎತ್ತಿಕೊಂಡವರಲ್ಲಿ ಈ ಪರದೇಶದ ಗುರುಗಳು ಮುಖ್ಯರು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯ ತೆರೆದರು. ಫ್ರೆಂಚ್ ದೇಶದ ಕ್ಯಾಥೊಲಿಕ್ ಪಾದ್ರಿಗಳು ಜಮೀನು ಕೊಂಡು, ಬರದಲ್ಲಿ ತಬ್ಬಲಿಗಳಾದವರನ್ನು ಅಲ್ಲಿ ಒಕ್ಕಲು ಮಾಡಿದರು. ನೆಲಮಂಗಲದ ಸೀಮೆಯ ಶಿಲುವೆಪುರ, ಕನಕಪುರದ ಕಡೆಯ ಮರಿಯಾಪುರ ಇವು ಹೀಗೆ ಬೆಳೆದ ಊರುಗಳು. ಹೆಸರಿನಲ್ಲೇ ಕಥೆಯಿದೆ, ಆದರೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಾವು ಅದನ್ನು ಓದುವುದಿಲ್ಲ.

ಇಲ್ಲಿ ಒಂದು ವಿಚಾರ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಪೇಟೆಯ ಹುಡುಗರಿಗೆ ಇಂಗ್ಲಿಷ್ ಕಲಿಸಿದ ಇದೇ ಮಿಷನ್ನುಗಳವರು ಅನಾಥಮಕ್ಕಳಿಗೆ ಮುಖ್ಯವಾಗಿ ಕೊಟ್ಟದ್ದು ಕನ್ನಡದ ಓದುಬರಹ, ಕೈಕಸುಬು ಮತ್ತು ನೇಗಿಲು. ತಾಯಿತಂದೆಗಳಿದ್ದವನಿಗೆ ಷೇಕ್ಸ್‌ಪಿಯರ್, ಇಲ್ಲದವನಿಗೆ ಉಳಿ ಸುತ್ತಿಗೆ! ಅವರನ್ನು ಬೈಯುವುದು ಸುಲಭ. ನೂರಾರು ಬಾಯಿಗಳಿಗೆ ದಿನವೂ ಹಿಟ್ಟು ಹೊಂದಿಸಬೇಕಾದವನು ಬೇಗ ಸಂಪಾದನೆಗೆ ಬರುವ ವಿದ್ಯೆಯನ್ನೇ ಹುಡುಕುತ್ತಾನೆ. ಹಸಿದು ಬಂದ ಹುಡುಗನಿಗೆ ಬಡಗಿಯ ಕೆಲಸ ಗುಮಾಸ್ತೆಗಿರಿಗಿಂತ ಮೊದಲು ಅನ್ನ ಕೊಡುತ್ತದೆ. ಆದರೂ ಕಚೇರಿಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂಬುದರ ಫಲವನ್ನು ಮುಂದಿನ ಎರಡು ತಲೆಮಾರು ಉಂಡಿತು.

ಎರಡನೆಯ ಮಾತು ಇನ್ನೂ ಕಠಿನವಾದದ್ದು. ಇಂಗ್ಲಿಷ್ ಶಾಲೆಗಳಲ್ಲಿ ವರ್ಷಗಟ್ಟಳೆ ದುಡಿದರೂ ಬೆರಳೆಣಿಕೆಯಷ್ಟು ಜನ ಕ್ರೈಸ್ತರಾಗಲಿಲ್ಲ. ಅನಾಥಾಲಯದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಆ ಮಗುವಿನ ಪರವಾಗಿ ‘ಬೇಡ’ ಎನ್ನಲು ಯಾರೂ ಇರಲಿಲ್ಲ. ಬಾವಿಕಟ್ಟೆಯಿದ್ದ ಮನೆಯೂ ಇರಲಿಲ್ಲ. ಇದನ್ನು ಬರೆಯುವಾಗಲೇ ನನ್ನ ಲೇಖನಿ ತಡೆಯುತ್ತದೆ. ಏಕೆಂದರೆ ‘ಬೇಡ’ ಎನ್ನುವ ಹಕ್ಕು ನಮಗೆ ಎಲ್ಲಿತ್ತು? ನಮ್ಮ ಛತ್ರಗಳೂ ಮಠಗಳೂ ಗಂಜಿ ಹೊಯ್ದದ್ದುಂಟು. ಆದರೆ ಜಾತಿ ಗೊತ್ತಿಲ್ಲದ ಮಗುವನ್ನು ಎತ್ತಿ ಅಡುಗೆಮನೆಯೊಳಕ್ಕೆ ಕರೆದೊಯ್ದವರು ನಮ್ಮಲ್ಲಿ ಎಷ್ಟು ಮಂದಿ? ಒಂದು ಹೊತ್ತಿನ ಅನ್ನಕ್ಕೆ ಜಾತಿ ಕೇಳದಿದ್ದವರೂ ಒಂದು ಬಾಳಿನ ಅನ್ನಕ್ಕೆ ಕೇಳಿದರು. ತನ್ನದೆನ್ನುವ ಮನೆಯನ್ನು ಪರದೇಶದವನು ಕೊಟ್ಟ. ಅದರ ಜೊತೆಗೆ ತನ್ನ ದೇವರನ್ನೂ ಕೊಟ್ಟ. ಆ ಮಕ್ಕಳ ಮೊಮ್ಮಕ್ಕಳಲ್ಲಿ ಮೇಷ್ಟರುಗಳೂ ದಾದಿಯರೂ ಆದವರು ಇದನ್ನು ಋಣವೆಂದೇ ಎಣಿಸಿದರೆ ನಾನು ಅಲ್ಲವೆನ್ನಲಾರೆ.

ಈ ನಾಚಿಕೆ ನಮ್ಮವರನ್ನು ಸುಮ್ಮನೆ ಕೂರಲು ಬಿಡಲಿಲ್ಲವೆಂಬುದು ಸಮಾಧಾನದ ಸಂಗತಿ. ‘ತಾತಯ್ಯ’ ಎಂದೇ ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಅನಾಥಾಲಯವನ್ನು ಕಟ್ಟಿದರು. ಅವರೂ ಮೇಷ್ಟರೇ. ಇಂಗ್ಲಿಷ್ ಓದಿದವರು, ಪತ್ರಿಕೆ ನಡೆಸಿದವರು, ಪಾದ್ರಿಗಳ ಕೆಲಸವನ್ನು ಹತ್ತಿರದಿಂದ ಕಂಡವರು. ಕಂಡು ಬೈದು ಸುಮ್ಮನಾಗಲಿಲ್ಲ, ಅಷ್ಟೆ.

ಇಷ್ಟನ್ನೂ ನಮ್ಮ ಹುಡುಗಿಗೆ ಇನ್ನೊಂದು ದಿನ ಕೂಡಿಸಿ ಹೇಳಿದೆ. ಜೊತೆಗೆ ಇಂದಿನ ಮಾತನ್ನೂ ಸೇರಿಸಿದೆ. ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ 2009ರಲ್ಲಿ ತಿಳಿಸಿದ ಪ್ರಕಾರ, ಲೋಕದ ಇಂಥ ಆಲಯಗಳಲ್ಲಿರುವ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗಾದರೂ ತಾಯಿಯೋ ತಂದೆಯೋ ಬದುಕಿದ್ದಾರೆ. ಬಡತನ ಅವರನ್ನು ಅಲ್ಲಿಗೆ ತಂದಿದೆ, ಸಾವಲ್ಲ. ಹಣ ಕೊಟ್ಟು ಸೇವೆ ಮಾಡಲು ಬರುವ ಪರದೇಶದವರು ಹೆಚ್ಚಿದಂತೆ ಮಕ್ಕಳನ್ನು ಹೊಂದಿಸಿ ತುಂಬುವ ಆಲಯಗಳೂ ಕೆಲವೆಡೆ ಹೆಚ್ಚಿದುದರಿಂದ, 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೊಂದರಲ್ಲೇ ಈ ಬಗೆಯ ಸೇವಾಯಾತ್ರೆಯ ಬಗ್ಗೆ ಎಚ್ಚರಿಕೆಯ ಮಾತು ಸೇರಿತು. ಎರಡು ತಿಂಗಳಿಗೊಬ್ಬರಂತೆ ಬಂದು, ಹಾಡು ಹೇಳಿಕೊಟ್ಟು, ಅಪ್ಪಿ ಅತ್ತು ಹೊರಟುಹೋಗುವ ಮೇಷ್ಟರುಗಳನ್ನು ಒಂದು ಮಗು ವರ್ಷಕ್ಕೆ ಎಷ್ಟು ಸಲ ಕಳೆದುಕೊಳ್ಳಬೇಕು?

ಅವಳ ತಾಯಿಗೆ ನನ್ನ ಮಾತು ಅಷ್ಟು ಹಿಡಿಸಿದಂತೆ ಕಾಣಲಿಲ್ಲ. “ಒಳ್ಳೇ ಕೆಲಸಕ್ಕೆ ಹೊರಟಿದ್ದಾಳೆ, ಮೇಷ್ಟ್ರೇ” ಎಂದರು. ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರಿಗೆ ಏನು ಕೇಳಲಿ ಸಾರ್?” ಎಂದಳು. ಎರಡು ಪ್ರಶ್ನೆ ಬರೆದುಕೊಟ್ಟೆ. ಅಲ್ಲಿರುವ ಮಕ್ಕಳಲ್ಲಿ ತಾಯಿತಂದೆ ಇರುವವರು ಎಷ್ಟು ಮಂದಿ? ಅವರನ್ನು ಮನೆಗೆ ಮರಳಿಸುವ ಏರ್ಪಾಡು ಏನಾದರೂ ಇದೆಯೇ? ಅವಳು ಆ ರಾತ್ರಿಯೇ ಕಾಗದ ಬರೆದಳು. ಟಿಕೆಟ್ಟು ಮುಂದಿನ ತಿಂಗಳ ಹದಿನೆಂಟಕ್ಕೆ ಇದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.