ಕಡಲು ಕಾಣುವ ಗುಡ್ಡ: ದೂರದ ಒಂದು ಊರಿನ ಇತಿಹಾಸ, ನಮ್ಮೂರಿಗೆ ಒಂದು ಮಾತು

(ಲೇಖಕರು ನಮ್ಮ ಶಾಲೆಯ 2005ರ ಎಸ್.ಎಸ್.ಎಲ್.ಸಿ. ತಂಡದ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್)

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ನೆನಪಾದದ್ದು ತರಗತಿ, ಗುರುಗಳು, ಗೆಳೆಯರು. ಆದರೆ ಆ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗಿ ನಾನು ಮೂರು ವರ್ಷ ವಾಸವಾಗಿದ್ದ ಒಂದು ಗುಡ್ಡದ ಇತಿಹಾಸವನ್ನು ಬರೆಯುತ್ತಿದ್ದೇನೆ. ಅದು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆದರೆ ನಮ್ಮ ಶಾಲೆಯ ಹಿಂದಿರುವ ಗುಡ್ಡಕ್ಕೂ ಅದಕ್ಕೂ ಸಂಬಂಧವಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಊರಿನ ಪರಿಚಯ

ಲಾಸ್ ಏಂಜಲೀಸ್ ನಗರದ ದಕ್ಷಿಣಕ್ಕೆ ಪಾಲೋಸ್ ವರ್ಡೀಸ್ ಎಂಬ ಗುಡ್ಡಗಾಡಿನ ಭೂಭಾಗ ಪೆಸಿಫಿಕ್ ಸಾಗರದೊಳಕ್ಕೆ ಚಾಚಿಕೊಂಡಿದೆ. ಅದರ ಸಮುದ್ರದ ಕಡೆಯ ಇಳಿಜಾರಿನಲ್ಲಿರುವ ಊರು ರಾಂಚೋ ಪಾಲೋಸ್ ವರ್ಡೀಸ್. 2021ರಲ್ಲಿ ಕೆಲಸದ ಮೇಲೆ ಹೋದ ನಾನೂ ನನ್ನ ಹೆಂಡತಿಯೂ ಅಲ್ಲಿ ಒಂದು ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದೆವು. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಕಡಲು. ಮಂಜು ಕರಗಿದ ದಿನ ದೂರದಲ್ಲಿ ಕ್ಯಾಟಲೀನಾ ದ್ವೀಪ ಕಾಣುತ್ತಿತ್ತು. ಚಳಿಗಾಲದಲ್ಲಿ ತಿಮಿಂಗಿಲಗಳು ದಡದ ಹತ್ತಿರದಲ್ಲೇ ಹಾದು ಹೋಗುತ್ತಿದ್ದವು. ಮೊದಲ ದಿನ ಬೆಳಿಗ್ಗೆ ನವಿಲಿನ ಕೂಗು ಕೇಳಿ ನಾನು ಊರಿನಲ್ಲೇ ಇದ್ದೇನೆಂದು ಭ್ರಮಿಸಿದ್ದೆ. ಅವು ನಿಜಕ್ಕೂ ನಮ್ಮ ದೇಶದ ತಳಿಯ ನವಿಲುಗಳೇ. ನೂರು ವರ್ಷದ ಹಿಂದೆ ಅಲ್ಲಿನ ದೊಡ್ಡ ಜಮೀನ್ದಾರ ಕುಟುಂಬವೊಂದು ತಂದು ಸಾಕಿದ ನವಿಲುಗಳ ಸಂತತಿ ಈಗ ಬೀದಿಬೀದಿಯಲ್ಲಿ ತಿರುಗುತ್ತದೆ.

ಅಲ್ಲಿ ಮನೆಯ ಬೆಲೆ ನಿರ್ಧಾರವಾಗುವುದು ಕಿಟಕಿಯಿಂದ ಎಷ್ಟು ಕಡಲು ಕಾಣುತ್ತದೆ ಎಂಬುದರ ಮೇಲೆ. ಅದೇ ಅಳತೆಯ ಮನೆ ಗುಡ್ಡದ ಆಚೆ ಬದಿಯಲ್ಲಿದ್ದರೆ ಬೆಲೆ ಕಡಿಮೆ. ಮಾರಾಟದ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಮೊದಲು ‘ಓಷನ್ ವ್ಯೂ’ ಎಂದೇ ಬರೆದಿರುತ್ತದೆ.

ನಮ್ಮ ಮನೆಯಿಂದ ಕೆಲವು ಮೈಲಿ ದೂರದಲ್ಲಿ ಪೋರ್ಚುಗೀಸ್ ಬೆಂಡ್ ಎಂಬ ಬಡಾವಣೆ ಇದೆ. ಅಲ್ಲಿನ ಕಡಲದಂಡೆಯ ರಸ್ತೆಯಲ್ಲಿ ಕಾರು ಓಡಿಸುವಾಗ ದೋಣಿಯಲ್ಲಿ ಕುಳಿತಂತೆ ಮೇಲೆ ಕೆಳಗೆ ಆಗುತ್ತದೆ. ಇಲ್ಲಿ ಭೂಮಿ ಸದಾ ಚಲಿಸುತ್ತಿದೆ, ಎಚ್ಚರಿಕೆಯಿಂದ ಹೋಗಿ ಎಂದು ಫಲಕ ಹಾಕಿದ್ದಾರೆ. ಒಳಚರಂಡಿಯ ಪೈಪುಗಳು ಮಣ್ಣಿನೊಳಗಿಲ್ಲ, ರಸ್ತೆಯ ಪಕ್ಕ ನೆಲದ ಮೇಲೆಯೇ ಇವೆ. ಹೂತರೆ ಮುರಿಯುತ್ತವೆ. ಮೊದಲ ಸಲ ನೋಡಿದಾಗ ಬೆರಗಾಗಿ ಅದರ ಇತಿಹಾಸ ಹುಡುಕತೊಡಗಿದೆ.

ಗುಡ್ಡದ ಇತಿಹಾಸ

ಆ ಗುಡ್ಡದ ಮೂಲನಿವಾಸಿಗಳು ಟೊಂಗ್ವಾ ಜನ. ಅವರ ನಂತರ ಸ್ಪೇನಿನವರೂ ಮೆಕ್ಸಿಕೋದವರೂ ಅಲ್ಲಿ ದನ ಮೇಯಿಸಿದರು. 19ನೇ ಶತಮಾನದಲ್ಲಿ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು ಆ ಕೊಲ್ಲಿಯಲ್ಲಿ ನೆಲೆ ಮಾಡಿಕೊಂಡಿದ್ದರಿಂದ ಅದಕ್ಕೆ ಪೋರ್ಚುಗೀಸ್ ಬೆಂಡ್ ಎಂಬ ಹೆಸರು ಬಂತು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಪಾಠದಲ್ಲಿ ಸಮಾಜ ಮಾಸ್ತರು ಹೇಳಿಕೊಟ್ಟ ಪೋರ್ಚುಗೀಸರ ಹೆಸರು ಭೂಮಿಯ ಇನ್ನೊಂದು ಬದಿಯಲ್ಲೂ ಎದುರಾಗಿ ನನಗೆ ಸೋಜಿಗವಾಯಿತು.

1913ರಲ್ಲಿ ನ್ಯೂಯಾರ್ಕಿನ ಬ್ಯಾಂಕರ್ ಫ್ರಾಂಕ್ ವ್ಯಾಂಡರ್ಲಿಪ್ ಸುಮಾರು 16,000 ಎಕರೆ ಗುಡ್ಡವನ್ನು ಖರೀದಿಸಿದರು. ಆ ಕಾಲದಲ್ಲಿ ಇಳಿಜಾರಿನಲ್ಲಿ ಬೇಸಾಯ ಮಾಡುತ್ತಿದ್ದವರು ಜಪಾನಿನಿಂದ ಬಂದ ಗೇಣಿದಾರರು. ಅವರು ನೀರು ಹಾಯಿಸದೆ, ಮಳೆ ಮತ್ತು ಮಂಜಿನ ತೇವವನ್ನೇ ನಂಬಿ ಅವರೆ, ಟೊಮೆಟೊ ಬೆಳೆಯುತ್ತಿದ್ದರು. 1942ರಲ್ಲಿ, ಎರಡನೇ ಮಹಾಯುದ್ಧದ ಸಮಯದಲ್ಲಿ, ಅಮೆರಿಕ ಸರಕಾರ ಆ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸಿತು. ಯುದ್ಧ ಮುಗಿದ ಮೇಲೆ ಆ ಇಳಿಜಾರಿಗೆ ಮನೆಗಳು ಬಂದವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಇಳಿಜಾರು ಪುರಾತನ ಕಾಲದಲ್ಲಿ ಜಾರಿ ನಿಂತ ಭೂಮಿ ಎಂಬುದು ಆಗಲೇ ಗೊತ್ತಿತ್ತು. 1946ರಲ್ಲಿ ಪ್ರಕಟವಾದ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ವರದಿಯಲ್ಲಿ ಆ ಕುಸಿತದ ಪ್ರದೇಶವನ್ನು ಗುರುತಿಸಿದ್ದರು. ಆದರೂ ನಿವೇಶನಗಳು ಮಾರಾಟವಾದವು. ಮನೆಗಳ ಜೊತೆಗೆ ಹುಲ್ಲುಹಾಸು, ತೋಟ, ಮಲದ ಗುಂಡಿಗಳು ಬಂದವು. ಜಪಾನಿ ರೈತರ ಕಾಲದಲ್ಲಿ ಮಳೆಯ ನೀರು ಮಾತ್ರ ಇಳಿಯುತ್ತಿದ್ದ ಗುಡ್ಡಕ್ಕೆ ಈಗ ವರ್ಷವಿಡೀ ಪೈಪಿನ ನೀರು ಇಳಿಯತೊಡಗಿತು.

1956ರಲ್ಲಿ ಲಾಸ್ ಏಂಜಲೀಸ್ ಕೌಂಟಿಯವರು ಕ್ರೆನ್ಶಾ ಬುಲೆವಾರ್ಡ್ ಎಂಬ ರಸ್ತೆಯನ್ನು ಗುಡ್ಡದ ಮೇಲಿಂದ ಮುಂದುವರಿಸಲು ಹೊರಟರು. ಕಡಿದ ಮಣ್ಣನ್ನು ಭಾರಿ ಪ್ರಮಾಣದಲ್ಲಿ ಇಳಿಜಾರಿನ ತಲೆಯ ಭಾಗದಲ್ಲಿ ತುಂಬಿದರು. ಆ ಬೇಸಿಗೆಯಲ್ಲಿ ಗುಡ್ಡ ಜಾರಲು ಶುರುವಾಯಿತು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮನೆಗಳು ಹಾಳಾದವು.

ಕಾರಣ ಮಣ್ಣಿನ ಒಳಗಿತ್ತು. ಜ್ವಾಲಾಮುಖಿಯ ಬೂದಿಯಿಂದ ಉಂಟಾದ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಪದರಗಳು ಅಲ್ಲಿ ಕಡಲಿನ ಕಡೆಗೆ ಇಳಿಜಾರಾಗಿ ಮಲಗಿವೆ. ನೀರು ಸೇರಿದರೆ ಅವು ಉಬ್ಬಿ ನುಣುಪಾಗುತ್ತವೆ. ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಶಾಲೆಯ ಹಿಂದಿನ ದರೆಯಿಂದ ಜಾರುತ್ತಿದ್ದದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ಹಾಳೆಯ ಮೇಲೆ ಕುಳಿತದ್ದು ಇಡೀ ಬಡಾವಣೆ.

ಮನೆ ಕಳೆದುಕೊಂಡವರು ನ್ಯಾಯಾಲಯಕ್ಕೆ ಹೋದರು. ಆಲ್ಬರ್ಸ್ ಮೊಕದ್ದಮೆ ಎಂದು ಹೆಸರಾದ ಆ ಪ್ರಕರಣದಲ್ಲಿ 1965ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಕೌಂಟಿಯವರು ಕೆಲಸದಲ್ಲಿ ಅಜಾಗರೂಕತೆ ತೋರಿಸದಿದ್ದರೂ, ಸಾರ್ವಜನಿಕ ಕಾಮಗಾರಿಯಿಂದ ಆದ ನಷ್ಟವನ್ನು ಕೆಲವು ಮನೆಯವರ ಮೇಲೆ ಮಾತ್ರ ಹೊರಿಸುವಂತಿಲ್ಲ ಎಂಬುದು ಅದರ ಸಾರಾಂಶ. ಪರಿಹಾರದ ಮೊತ್ತ 50 ಲಕ್ಷ ಡಾಲರಿಗೂ ಹೆಚ್ಚು.

ಪರಿಹಾರ ಬಂದರೂ ಗುಡ್ಡ ನಿಲ್ಲಲಿಲ್ಲ. ಉಳಿದ ಕೆಲವರು ಮನೆಗಳನ್ನು ಕಬ್ಬಿಣದ ತೊಲೆಗಳ ಮೇಲೆ ಕೂರಿಸಿ, ನೆಲ ವಾಲಿದಾಗಲೆಲ್ಲ ಜಾಕ್ ಹಾಕಿ ಮಟ್ಟ ಮಾಡಿಕೊಂಡು ಬಾಳಿದರು. 1973ರಲ್ಲಿ ಅದು ಪ್ರತ್ಯೇಕ ನಗರವಾಯಿತು. ಎಂದರೆ ಆ ನಗರಾಡಳಿತ ನಮ್ಮ ಶಾಲೆಗಿಂತ ಒಂದೆರಡು ವರ್ಷ ಮಾತ್ರ ಹಿರಿಯದು. 1978ರಲ್ಲಿ ಕುಸಿತದ ಪ್ರದೇಶದಲ್ಲಿ ಹೊಸ ಮನೆ ಕಟ್ಟುವುದನ್ನು ನಗರಾಡಳಿತ ತಡೆಹಿಡಿಯಿತು. ಪಕ್ಕದ ಅಬಲೋನಿ ಕೋವ್ ಭಾಗದ ನಿವಾಸಿಗಳು ತಾವೇ ತೆರಿಗೆ ಹಾಕಿಕೊಂಡು, ಕೊಳವೆ ಬಾವಿ ತೋಡಿ, ಗುಡ್ಡದೊಳಗಿನ ನೀರನ್ನು ಪಂಪು ಮಾಡಿ ಹೊರಗೆ ಹಾಕತೊಡಗಿದರು. ಇಂಥ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಅದೇ ಮೊದಲು. ಅದರಿಂದ ಆ ಭಾಗದ ಜಾರುವಿಕೆ ಬಹಳ ಮಟ್ಟಿಗೆ ಕಡಿಮೆಯಾಯಿತು. ಆದರೆ ಖಾಲಿ ನಿವೇಶನ ಕೊಂಡವರಿಗೂ ಕಷ್ಟವಿತ್ತು. ಹಣ ಕೊಟ್ಟು ಕೊಂಡ ಜಾಗದಲ್ಲಿ ಮನೆ ಕಟ್ಟಬಾರದೆಂದರೆ ಹೇಗೆ ಎಂದು ಕೆಲವರು ಕೇಳಿದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಒಮ್ಮೆ ನಿವೇಶನ ಮಾರಾಟವಾದ ಮೇಲೆ ಗುಡ್ಡವನ್ನು ಗುಡ್ಡವಾಗಿ ಉಳಿಸುವುದು ಕಾನೂನಿಗೂ ಸುಲಭವಲ್ಲ.

2024ರ ಬೇಸಿಗೆ

ಲಾಸ್ ಏಂಜಲೀಸ್‌ನಲ್ಲಿ ವರ್ಷಕ್ಕೆ ಸರಾಸರಿ 350ರಿಂದ 400 ಮಿ.ಮೀ. ಮಳೆ. ನಾವಿದ್ದಾಗ 2023 ಮತ್ತು 2024ರ ಚಳಿಗಾಲಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಬಂತು. ನೀರು ನಿಧಾನವಾಗಿ ಒಳಕ್ಕಿಳಿಯಿತು, ಗುಡ್ಡದ ವೇಗ ಹೆಚ್ಚಾಯಿತು. 1951ರಲ್ಲಿ ಪೂರ್ಣಗೊಂಡ, ವಾಸ್ತುಶಿಲ್ಪಿ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಗಾಜಿನ ಚರ್ಚ್ ವೇಫೇರರ್ಸ್ ಚಾಪೆಲ್ ಅನ್ನು 2024ರ ಫೆಬ್ರವರಿಯಲ್ಲಿ ಮುಚ್ಚಿ, ನಂತರ ಬಿಡಿಬಿಡಿಯಾಗಿ ಕಳಚಿ ಇಟ್ಟರು. ಆಗಸ್ಟ್ ಹೊತ್ತಿಗೆ ಕೆಲವು ಕಡೆ ಭೂಮಿ ವಾರಕ್ಕೆ ಸುಮಾರು ಒಂದು ಅಡಿ ಜರುಗುತ್ತಿತ್ತು. ಅಪಾಯವೆಂದು ಮೊದಲು ಗ್ಯಾಸ್, ಆಮೇಲೆ ವಿದ್ಯುತ್ ಕಡಿತಗೊಳಿಸಿದರು. ಸೆಪ್ಟೆಂಬರ್‌ನಲ್ಲಿ ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದರು. ಅಕ್ಟೋಬರ್‌ನಲ್ಲಿ, ಬಿಟ್ಟುಹೋಗಲು ಒಪ್ಪುವವರ ಮನೆಗಳನ್ನು ಕೊಂಡುಕೊಳ್ಳಲು 4.2 ಕೋಟಿ ಡಾಲರಿನ ಯೋಜನೆ ಪ್ರಕಟವಾಯಿತು.

ನಮ್ಮ ಮನೆಯೊಡತಿ ವಯಸ್ಸಾದ ಹೆಂಗಸು. ನಮ್ಮ ಭಾಗ ಜಾರುವ ಪ್ರದೇಶದ ಹೊರಗಿತ್ತು. ಆದರೂ ಅವರು ದಿನಾ ಬೆಳಿಗ್ಗೆ ಎಲ್ಲ ಬಾಗಿಲುಗಳನ್ನೂ ಒಮ್ಮೆ ತೆರೆದು ಮುಚ್ಚಿ ನೋಡುತ್ತಿದ್ದರು. ಕೇಳಿದ್ದಕ್ಕೆ, “ಗೋಡೆ ಬಿರುಕು ಬಿಡುವ ಮೊದಲು ಬಾಗಿಲು ಸಿಕ್ಕಿಕೊಳ್ಳುತ್ತದೆ. ನನ್ನ ಗೆಳತಿಯ ಮನೆಯಲ್ಲಿ ಹಾಗೇ ಶುರುವಾದದ್ದು” ಎಂದರು.

ಅದೇ ಜುಲೈ 16ರಂದು ಅಪ್ಪನ ಫೋನು ಬಂತು. “ತಮಾ, ಶಿರೂರಲ್ಲಿ ಗುಡ್ಡ ಜರಿದು ಹೆದ್ದಾರಿ ಮೇಲೆ ಬಿದ್ದಿದೆ. ಚಾ ಅಂಗಡಿ, ಗಾಡಿ ಎಲ್ಲ ಹೊಳೆಗೆ ಹೋಯ್ತಂತೆ” ಎಂದರು. ಅಂಕೋಲಾ ತಾಲ್ಲೂಕಿನ ಆ ದುರಂತ ನಮಗೆಲ್ಲ ಗೊತ್ತಿರುವುದೇ. ಸತ್ತವರು, ಕಾಣೆಯಾದವರು ಸೇರಿ 11 ಮಂದಿ. ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳೂ ಹೋದವು. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. 2009ರಲ್ಲಿ ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ ಮನೆಗಳು ಮಣ್ಣಿನಡಿ ಸೇರಿದಾಗ ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಆಗ ಅದು ಪತ್ರಿಕೆಯ ಸುದ್ದಿಯಾಗಿ ಮಾತ್ರ ಕಂಡಿತ್ತು. ಈ ಸಲ ಹಾಗೆ ಕಾಣಲಿಲ್ಲ.

ನಮ್ಮ ಗುಡ್ಡ

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಶಾಲೆಯ ಹಿಂದಿನ ಗುಡ್ಡದ ಮೇಲೆ ನಮ್ಮ ಮನೆತನದ ಅರ್ಧ ಎಕರೆ ಗೇರುಬೆಟ್ಟವಿದೆ. ಅಲ್ಲಿ ಮಟ್ಟ ಮಾಡಿಸಿ ಕಡಲು ಕಾಣುವ ಮನೆ ಕಟ್ಟಬೇಕೆಂಬ ಆಸೆ ನನಗಿತ್ತು. ಜೆಸಿಬಿಯವರ ಹತ್ತಿರ ಲೆಕ್ಕವನ್ನೂ ಹಾಕಿಸಿದ್ದೆ. ಅಪ್ಪ ಬೇಡವೆಂದಿರಲಿಲ್ಲ. “ಅಲ್ಲಿ ನಮ್ಮ ಹಿರಿಯರು ಯಾಕೆ ಮನೆ ಕಟ್ಟಲಿಲ್ಲ, ವಿಚಾರ ಮಾಡು” ಎಂದಿದ್ದರು ಅಷ್ಟೆ.

ಹಿರಿಯರಿಗೆ ಭೂವಿಜ್ಞಾನ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ಗದ್ದೆ ಕೆಳಗಿತ್ತು, ಬಾವಿಯ ನೀರು ಕೆಳಗಿತ್ತು, ಮೇಲೆ ಗಾಳಿ ಹೆಚ್ಚು. ಹಾಗಾಗಿ ಕೆಳಗೇ ಇದ್ದರು. ಆದರೆ ಅದರಿಂದ ಗುಡ್ಡದ ಮೇಲೆ ಮರ ಉಳಿಯಿತು, ದರೆಯ ಬುಡ ಕಡಿಯದೆ ಉಳಿಯಿತು. ಮಳೆಗಾಲಕ್ಕೆ ಮೊದಲು ಮೇಲಿನ ನೀರು ಹರಿದುಹೋಗಲು ಕಾಲುವೆ ಬಿಡಿಸುವ ಪದ್ಧತಿಯೂ ಇತ್ತು. ನಮ್ಮ ಚಿರೆಕಲ್ಲಿನ ಅಡಿಯಲ್ಲಿ ಮೆತ್ತಗಿನ ಬಿಳಿ ಶೇಡಿಮಣ್ಣು ಇರುತ್ತದೆ. ಬಾವಿ ತೋಡಿದವರಿಗೆಲ್ಲ ಅದು ಗೊತ್ತು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಕುಸಿಯುತ್ತದೆ. ಅದು ಬೆಂಟೋನೈಟ್ ಅಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಆಷಾಢದ ನಾಲ್ಕಾರು ದಿನಗಳಲ್ಲಿ ಬಿದ್ದುಬಿಡಬಹುದು. ಅಲ್ಲಿ 2024ರ ಬೇಸಿಗೆಯಲ್ಲಿ ಗುಡ್ಡ ದಿನಕ್ಕೆ ಒಂದೆರಡು ಅಂಗುಲ ಜರುಗಿ, ಸಾಮಾನು ತೆಗೆಯಲು ಸಮಯ ಕೊಟ್ಟಿತು. ಶಿರೂರಿನ ಗುಡ್ಡ ಚಾ ಕುಡಿಯುತ್ತಿದ್ದವರಿಗೆ ಎದ್ದು ಓಡಲೂ ಸಮಯ ಕೊಡಲಿಲ್ಲ.

ಪೋರ್ಚುಗೀಸ್ ಬೆಂಡ್‌ನ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು, ಮೇಲೆ ಮಣ್ಣು ತುಂಬಿದವರು ಬೇರೆ, ಕೆಳಗೆ ಮನೆ ಕಳೆದುಕೊಂಡವರು ಬೇರೆ ಎಂಬುದು. ನಮ್ಮ ಗುಡ್ಡದ ಕೆಳಗಿರುವುದು ನಮ್ಮ ಶಾಲೆ. ನಾನು ಮೇಲೆ ಮಟ್ಟ ಮಾಡಿಸಿದರೆ, ಆ ಮಣ್ಣೂ ನೀರೂ ಇಳಿಯುವುದು ಎಂಟನೇ ತರಗತಿಯ ಗೋಡೆಯ ಕಡೆಗೆ. ಕಳೆದ ವರ್ಷ ಊರಿಗೆ ಬಂದಾಗ ಆ ಗೋಡೆಯ ಹತ್ತಿರ ನಿಂತು ಮೇಲೆ ನೋಡಿದೆ. ಮನೆಯ ಆಸೆಯನ್ನು ಅಲ್ಲಿಗೆ ಬಿಟ್ಟೆ. ಗೇರುಮರಗಳು ಹಾಗೇ ಇರಲಿ ಎಂದು ಅಪ್ಪನಿಗೆ ಹೇಳಿದೆ. ಆದರೆ ನಮ್ಮ ಅರ್ಧ ಎಕರೆಯಷ್ಟೇ ಗುಡ್ಡವಲ್ಲ. ಪಕ್ಕದಲ್ಲಿ ಆಗಲೇ ಎರಡು ಕಡೆ ಕೆಂಪು ಮಣ್ಣು ಕಾಣುತ್ತಿದೆ. ಕಟ್ಟಬೇಡಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ಕಡಿಯುವ ಮೊದಲು ತಿಳಿದವರಿಂದ ಮಣ್ಣು ಪರೀಕ್ಷೆ ಮಾಡಿಸಿ, ನೀರು ಹೋಗಲು ದಾರಿ ಮಾಡಿ, ಕೆಳಗಿನವರನ್ನು ಒಂದು ಮಾತು ಕೇಳಿ ಎಂದು ಮಾತ್ರ ವಿನಂತಿ.

ಶಾಲೆಗೂ ಒಂದು ಸಲಹೆ ಇದೆ. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನ ಮಾಸ್ತರು ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಒಬ್ಬೊಬ್ಬರಿಂದ ಮಳೆಯ ಲೆಕ್ಕ ಬರೆಸುತ್ತಿದ್ದರು. ಅವರಿಗೆ ವರ್ಗವಾದ ಮೇಲೆ ಆ ವಹಿ ನಿಂತುಹೋಯಿತು. ಅದನ್ನು ಮತ್ತೆ ಆರಂಭಿಸೋಣ. ಮಳೆಯ ಜೊತೆಗೆ ಶಾಲೆಯ ಬಾವಿಯ ನೀರಿನ ಮಟ್ಟ, ದರೆಯಲ್ಲಿ ಹೊಸದಾಗಿ ಕಂಡ ಬಿರುಕು, ವಾಲಿದ ಮರ, ಹೊಸ ಒರತೆ, ಕೆಂಪಾಗಿ ಹರಿದ ನೀರು, ಸಿಕ್ಕಿಕೊಂಡ ಬಾಗಿಲು ಇವನ್ನೂ ಮಕ್ಕಳು ಬರೆಯಲಿ. ಪ್ರತಿ ತಿಂಗಳು ಒಂದು ಪ್ರತಿ ಪಂಚಾಯತಿಗೆ ಹೋಗಲಿ. ಪಾಲೋಸ್ ವರ್ಡೀಸ್‌ನಲ್ಲಿ ತಿಳಿವಳಿಕೆ ಇತ್ತು, ಆದರೆ ಅದು ವರದಿಯೊಳಗೇ ಉಳಿಯಿತು. ನಮ್ಮಲ್ಲಿ ಅದು ಊರಿನವರ ಕೈಯಲ್ಲಿರಲಿ. ಮಳೆಮಾಪಕದ ಖರ್ಚನ್ನೂ ಲೆಕ್ಕ ಇಡುವ ವ್ಯವಸ್ಥೆಯನ್ನೂ ನಮ್ಮ 2005ರ ತಂಡ ವಹಿಸಿಕೊಳ್ಳುತ್ತದೆ. ಗೆಳೆಯರು ಈಗಾಗಲೇ ಒಪ್ಪಿದ್ದಾರೆ.

ಕಡಲು ನೋಡಬೇಕೆನಿಸಿದರೆ ನಮ್ಮೂರಿನಲ್ಲಿ ಮನೆಯೇ ಬೇಕಾಗಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಗುಡ್ಡ ಹತ್ತಿ ಗೇರುಮರದ ಕೆಳಗೆ ಕುಳಿತರೆ ಸಾಕು. ನಾವೂ ಹಾಗೇ ನೋಡಿದವರು. ಐವತ್ತು ವರ್ಷಗಳಿಂದ ಅಕ್ಷರ ಕೊಟ್ಟ ಈ ಶಾಲೆ ಶತಮಾನೋತ್ಸವವನ್ನೂ ಇದೇ ಗುಡ್ಡದ ಕೆಳಗೆ ಆಚರಿಸಲಿ ಎಂದು ಹಾರೈಸುತ್ತೇನೆ.