ತೆರೆದ ತಲೆಯೋಡನ್ನು ಮುಚ್ಚುವ ಬಗೆ: ಒಂದು ಚಾರಿತ್ರಿಕ ವಿವೇಚನೆ

ಮಿದುಳಿನ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ತಲೆಯೋಡನ್ನು ತೆರೆದವರ ಸಾಹಸವನ್ನೇ ವರ್ಣಿಸುತ್ತೇವೆ. ತೆರೆದುದನ್ನು ಮತ್ತೆ ಮುಚ್ಚಬೇಕಷ್ಟೆ. ತೆಗೆದ ಮೂಳೆಯನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದು ಹೇಗೆ, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಪ್ರಶ್ನೆ ಅಲ್ಪವಾಗಿ ತೋರಬಹುದು. ಚನ್ನರಾಯಪಟ್ಟಣದ ಸೀಮೆಯಲ್ಲಿ ನಿಂತು ನೋಡಿದವರಿಗೆ ಅದು ಅಲ್ಪವಲ್ಲ. ಇಲ್ಲಿ ತೆಂಗಿನ ತೋಟಗಳುಂಟು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೂ ಉಂಟು. ಮರದಿಂದ ಬಿದ್ದವನಿಗೂ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿದವನಿಗೂ ತಲೆಯ ಪೆಟ್ಟೇ ಮಹಾವಿಪತ್ತು. ಬೆಂಗಳೂರು ಸುಮಾರು 150 ಕಿಲೋಮೀಟರು ದೂರ. ಅಲ್ಲಿಗೆ ಹೋಗಿ ಪ್ರಾಣವುಳಿಸಿಕೊಂಡ ಬಡ ಸಂಸಾರಕ್ಕೆ ಮೂಳೆಯನ್ನು ಬಿಗಿಯುವ ಲೋಹದ ಪಟ್ಟಿಯ ಬೆಲೆಯೂ ಒಂದು ಹೊರೆ. ಆದುದರಿಂದ ಅಲ್ಪವೆಚ್ಚದ ವಿಧಾನಗಳು ಚರಿತ್ರೆಯಲ್ಲಿ ಹೇಗೆ ಬೆಳೆದುಬಂದುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ವೈದ್ಯ ಜೀವಕನು ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಯನ್ನು ತೆರೆದು ಎರಡು ಹುಳುಗಳನ್ನು ಹೊರತೆಗೆದ ಕಥೆಯಿದೆ. ಅನಂತರ ಅವನು ಕಪಾಲದ ಸಂಧಿಯನ್ನು ಮೊದಲಿನಂತೆ ಕೂಡಿಸಿ, ಚರ್ಮವನ್ನು ಹೊಲಿದು, ಲೇಪವನ್ನು ಹಚ್ಚಿದನು. ಹದಿನಾರನೆಯ ಶತಮಾನದ ಬಲ್ಲಾಳನ ಭೋಜಪ್ರಬಂಧದಲ್ಲಿ ಭೋಜರಾಜನ ಕಪಾಲವನ್ನು ಕೂಡಿಸಲು ಸಂಧಾನಕರಣಿಯೆಂಬ ಔಷಧಿ ಬರುತ್ತದೆ. ಇವೆರಡನ್ನೂ ಚಿಕಿತ್ಸೆಯ ದಾಖಲೆಗಳೆಂದು ನಾವು ಗ್ರಹಿಸಲಾಗದು. ಆದರೆ ಮೂಳೆ ತನ್ನ ನೆಲೆಗೆ ಮರಳುವವರೆಗೆ ಚಿಕಿತ್ಸೆ ಪೂರ್ಣವಾಗದೆಂಬ ಅರಿವು ಈ ಕಥನಕಾರರಿಗೆ ಇದ್ದುದು ಸ್ಪಷ್ಟ.

ಆಧುನಿಕ ಯುಗದಲ್ಲಿ ಜರ್ಮನಿಯ ವಿಲ್ಹೆಲ್ಮ್ ವಾಗ್ನರನು 1889ರಲ್ಲಿ ಒಂದು ಹೊಸ ಮಾರ್ಗವನ್ನು ತೋರಿದನು. ಮೂಳೆಯನ್ನು ಚರ್ಮದಿಂದ ಬೇರ್ಪಡಿಸದೆ, ಎರಡನ್ನೂ ಒಟ್ಟಾಗಿ ಬಾಗಿಲಿನಂತೆ ಮಡಿಸಿ, ಕೆಲಸ ಮುಗಿದ ಮೇಲೆ ಹಾಗೆಯೇ ಮುಚ್ಚುವುದು ಅವನ ಕ್ರಮ. ಚರ್ಮದ ಹೊಲಿಗೆಯೇ ಮೂಳೆಯನ್ನೂ ಹಿಡಿಯುತ್ತಿದ್ದಿತು. ಇಟಲಿಯ ಪ್ರಸೂತಿವೈದ್ಯ ಲಿಯೊನಾರ್ಡೊ ಜಿಗ್ಲಿಯು ಹೆರಿಗೆಯ ಶಸ್ತ್ರಕ್ರಿಯೆಗೆಂದು ರೂಪಿಸಿದ ತಂತಿಗರಗಸವು 1890ರ ದಶಕದ ಕೊನೆಯ ವೇಳೆಗೆ ತಲೆಯೋಡಿಗೂ ಬಳಕೆಯಾಯಿತು. ಅದರಿಂದ ಅಂಚನ್ನು ಓರೆಯಾಗಿ ಕೊಯ್ಯಬಹುದು. ಹಾಗೆ ಕೊಯ್ದ ಮೂಳೆ ಓರೆಯಂಚಿನ ಮುಚ್ಚಳದಂತೆ ಒಳಕ್ಕೆ ಕುಸಿಯದೆ ನಿಲ್ಲುತ್ತದೆ.

ಮೂಳೆಯನ್ನು ಪೂರ್ತಿಯಾಗಿ ಬಿಡಿಸಿ ತೆಗೆಯುವ ಪದ್ಧತಿ ಬಂದ ಮೇಲೆ ಅದನ್ನು ಕಟ್ಟುವ ಅಗತ್ಯ ಹೆಚ್ಚಿತು. ಮೂಳೆಯ ಅಂಚಿನಲ್ಲಿಯೂ ಎದುರಿನ ಕಪಾಲದಲ್ಲಿಯೂ ಸಣ್ಣ ರಂಧ್ರಗಳನ್ನು ಕೊರೆದು, ರೇಷ್ಮೆಯ ದಾರವನ್ನೋ ಉಕ್ಕಿನ ತಂತಿಯನ್ನೋ ಪೋಣಿಸಿ, ಗಂಟುಹಾಕಿ, ಗಂಟನ್ನು ರಂಧ್ರದೊಳಕ್ಕೆ ಅಡಗಿಸುವುದು ರೂಢಿಯಾಯಿತು. ಕೊರೆಯುವಾಗ ಉದುರಿದ ಮೂಳೆಯ ಪುಡಿಯನ್ನು ಕೂಡಿಟ್ಟು ದೊಡ್ಡ ರಂಧ್ರಗಳಿಗೆ ತುಂಬುವುದೂ ಉಂಟು.

ದಕ್ಷಿಣ ಭಾರತದಲ್ಲಿ ಈ ಶಾಸ್ತ್ರವು ನೆಲೆಯೂರಿದುದು ಇಂತಹ ದಾರದ ಯುಗದಲ್ಲಿಯೇ. ಡಾ. ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ವಿಭಾಗವನ್ನು ಪ್ರಾರಂಭಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಅಲ್ಲಿ ಡಾ. ಆರ್. ಎಂ. ವರ್ಮ ಅವರು ನರಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದರು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಟೈಟೇನಿಯಮ್ಮಿನ ಪಟ್ಟಿ ಮತ್ತು ತಿರುಪುಗಳು ವ್ಯಾಪಕವಾದುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಮಿದುಳು ಊದಿಕೊಂಡಾಗ ಮೂಳೆಯನ್ನು ಕೂಡಲೆ ಮರಳಿಸುವಂತಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅದನ್ನು ಶೈತ್ಯಾಗಾರದಲ್ಲಿಡಲು ಎಡೆಬಿಡದ ವಿದ್ಯುತ್ತೂ ಎಚ್ಚರದ ಪಟ್ಟಿಯೂ ಬೇಕು. ರೋಗಿಯ ಹೊಟ್ಟೆಯ ಚರ್ಮದಡಿಯಲ್ಲಿಯೇ ಅದನ್ನು ಇರಿಸುವ ವಿಧಾನ 1920ರಷ್ಟು ಹಿಂದೆಯೇ ವರದಿಯಾಗಿತ್ತು. ಇದಕ್ಕೆ ಯಂತ್ರವೂ ಬೇಡ, ಕಪಾಟೂ ಬೇಡ. ರೋಗಿ ಊರಿಗೆ ಹೋದರೆ ಮೂಳೆಯೂ ಅವನೊಡನೆ ಊರಿಗೆ ಹೋಗುತ್ತದೆ. ಬೇರೆಯ ಆಸ್ಪತ್ರೆಗೆ ಹೋದರೂ ಅವನ ಸೊತ್ತು ಅವನಲ್ಲಿಯೇ ಇರುತ್ತದೆ. ಮೂಳೆ ಕೆಟ್ಟುಹೋದಲ್ಲಿ 1940ರ ದಶಕದಿಂದ ಬಳಕೆಗೆ ಬಂದ ಅಕ್ರಿಲಿಕ್ ಗಾರೆಯನ್ನು ಕೈಯಿಂದಲೇ ರೂಪಿಸಿ ಕೂಡಿಸಬಹುದು.

ಈ ವಿಧಾನಗಳಿಗೆ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ದಾರ ಸಡಿಲವಾದರೆ ಮೂಳೆ ತಗ್ಗುತ್ತದೆ. ಹಣೆಯ ಭಾಗದಲ್ಲಿ ಆ ತಗ್ಗು ಕಣ್ಣಿಗೆ ಬೀಳುತ್ತದೆ. ಚೂರಾದ ಮೂಳೆಯನ್ನು ಪಟ್ಟಿಯೇ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆಯಲ್ಲಿರಿಸಿದ ಮೂಳೆ ಕೆಲವೊಮ್ಮೆ ಕರಗುವುದೂ ಉಂಟು. ಎಲ್ಲಿ ಯಾವುದು ಯುಕ್ತವೆಂಬುದು ವೈದ್ಯರ ನಿರ್ಣಯ. ಚರಿತ್ರೆಯ ದೃಷ್ಟಿಯಿಂದ ನಾವು ಹೇಳಬೇಕಾದುದಿಷ್ಟೆ: ದಾರವು ಲೋಹದ ಪಟ್ಟಿಯ ಬಡ ಅನುಕರಣೆಯಲ್ಲ, ಪಟ್ಟಿಯೇ ಈಚೆಗೆ ಬಂದುದು. ಪಟ್ಟಿಯನ್ನು ಕೊಳ್ಳಲಾರದ ಮನೆಯವರು ತಮ್ಮವನಿಗೆ ಕೀಳು ಚಿಕಿತ್ಸೆ ದೊರೆಯಿತೆಂದು ಕೊರಗಬೇಕಾಗಿಲ್ಲ.

2006ರಲ್ಲಿ ಹಾಸನದಲ್ಲಿ ವೈದ್ಯಕೀಯ ವಿದ್ಯಾಲಯವು ಸ್ಥಾಪಿತವಾದುದು ಈ ಸೀಮೆಯ ವೈದ್ಯಕೀಯ ಚರಿತ್ರೆಯಲ್ಲಿ ಗಮನಾರ್ಹ ಘಟನೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಿದ್ಯಾರ್ಥಿಗಳು ಆಸ್ಪತ್ರೆಗಳ ಹಳೆಯ ಪುಸ್ತಕಗಳು ಗೆದ್ದಲಿನ ಪಾಲಾಗುವ ಮೊದಲು, ರೋಗಿಗಳ ಗೋಪ್ಯಕ್ಕೆ ಭಂಗ ಬಾರದಂತೆ, ಅನುಮತಿ ಪಡೆದು ಅವನ್ನು ಪರಿಶೀಲಿಸಬೇಕು. ನಿವೃತ್ತರಾದ ವೈದ್ಯರಿಂದಲೂ ದಾದಿಯರಿಂದಲೂ ಕೇಳಿ ಬರೆದಿಡಬೇಕು. ಶಾಸನವನ್ನು ಓದುವಷ್ಟೇ ಶ್ರದ್ಧೆ ಈ ಕಾರ್ಯಕ್ಕೂ ಬೇಕು.